ಒಂದು ಹಾಡಿಗೆ ಮೂರು ಸಂಬಳ

ಬೆಂಗಳೂರಲ್ಲಿ ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಮುಗಿಯುವುದಿಲ್ಲ. ತಿಂಗಳು ಪೂರ್ತಿ ಎಲ್ಲಾದರೂ ಒಂದು ಕಡೆ ಪೆಂಡಾಲ್ ಇದ್ದೇ ಇರುತ್ತದೆ. ಆಟೋ ಸ್ಟ್ಯಾಂಡಿನಲ್ಲಿ, ಬಡಾವಣೆಯ ಪಾರ್ಕಿನಲ್ಲಿ, ಕಂಪನಿಗಳ ಕ್ಯಾಂಟೀನಿನಲ್ಲಿ, ಈಗೀಗ ಅಪಾರ್ಟ್‌ಮೆಂಟುಗಳ ಕ್ಲಬ್ ಹೌಸಿನಲ್ಲಿ. ಕನಕಪುರ ರಸ್ತೆಯ ಅಂಥದ್ದೊಂದು ಅಪಾರ್ಟ್‌ಮೆಂಟಿನಲ್ಲಿ ನನ್ನ ತಮ್ಮನ ಹಾಡಿನ ಕಾರ್ಯಕ್ರಮ ಇತ್ತು. ತಮ್ಮ ಅಂದರೆ ಚಿಕ್ಕಪ್ಪನ ಮಗ. ಹಗಲು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ರಾತ್ರಿ ಮತ್ತು ಶನಿವಾರ, ಭಾನುವಾರ ಹಾಡು. ತಾನೇ ಬರೆಯುತ್ತಾನೆ, ತಾನೇ ರಾಗ ಹಾಕುತ್ತಾನೆ, ಗಿಟಾರ್ ಹಿಡಿದು ತಾನೇ ಹಾಡುತ್ತಾನೆ. ಮನೆಯವರಿಗೆ ಇದು ‘ಅವನ ಹುಚ್ಚು’. ಆಫೀಸಿನವರಿಗೆ ‘ನಮ್ಮ ಟೀಮ್‌ನ ಟ್ಯಾಲೆಂಟ್’. ಎರಡನ್ನೂ ಅವನು ಸಮಾಧಾನವಾಗಿ ಕೇಳಿಸಿಕೊಳ್ಳುತ್ತಾನೆ.

ಅವತ್ತು ಅವನಿಗೆ ಸಿಕ್ಕಿದ್ದು ಮಕ್ಕಳ ಛದ್ಮವೇಷ ಮುಗಿದ ಮೇಲೆ, ಊಟಕ್ಕೆ ಮುಂಚಿನ ಹೊತ್ತು. ಸ್ವಂತ ಹಾಡನ್ನು ಮೊದಲೇ ಶುರು ಮಾಡಿದರೆ ಜನ ಬಿಸಿಬೇಳೆಬಾತ್ ಕಡೆ ಹೊರಟುಬಿಡುತ್ತಾರೆ ಅಂತ ಅವನಿಗೆ ಗೊತ್ತು. ಅದಕ್ಕೇ ಬಾಳೆಹಣ್ಣಿನೊಳಗೆ ಮಾತ್ರೆ ಇಟ್ಟ ಹಾಗೆ ಎರಡು ರಾಜ್‌ಕುಮಾರ್ ಹಾಡುಗಳ ನಡುವೆ ತನ್ನದೊಂದನ್ನು ಇಟ್ಟುಕೊಂಡಿದ್ದ. ಅದರ ಹೆಸರು ‘ಮೊಳೆ’. ಬಾಡಿಗೆ ಮನೆಗೆ ಬಂದವನಿಗೆ ಓನರ್ ಹೇಳುತ್ತಾರೆ, ಗೋಡೆಗೆ ಮೊಳೆ ಹೊಡೆಯಂಗಿಲ್ಲ. ಹಾಗಾದರೆ ಅಪ್ಪನ ಫೋಟೋ ಎಲ್ಲಿ ಹಾಕಲಿ ಅಂತ ಅವನು ಕೇಳುತ್ತಾನೆ. ಹಾಡು ಇಷ್ಟೇ. ಬೆಂಗಳೂರಲ್ಲಿ ಬಾಡಿಗೆಗೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಚರಣ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿಂದ ಒಬ್ಬ ಹುಡುಗ ಓಡಿ ಬಂದು ಮಾನಿಟರ್ ಸ್ಪೀಕರಿನ ಮೇಲೆ ಒಂದು ಚೀಟಿ ಇಟ್ಟು ಹೋದ. ಚೌಕುಳಿ ಹಾಳೆಯ ಗಣಿತದ ನೋಟ್‌ಬುಕ್ಕಿಂದ ಹರಿದದ್ದು. ನನ್ನ ತಮ್ಮ ಹಾಡು ಮುಗಿಸಿ ಚೀಟಿ ಬಿಡಿಸಿದ, ನಕ್ಕ, ಜೇಬಿಗೆ ಹಾಕಿಕೊಂಡ, ರಾಜಣ್ಣನ ಹಾಡು ಶುರು ಮಾಡಿದ. ಇಡೀ ಹಾಲ್ ಎದ್ದು ಕೂತಿತು. ಆಮೇಲೆ ನನಗೆ ಚೀಟಿ ತೋರಿಸಿದ. ‘ದಯವಿಟ್ಟು ಗೊತ್ತಿರೋ ಹಾಡು ಹಾಡಿ’ ಅಂತಿತ್ತು.

ಇಂಥದ್ದೇ ಹಾಡು ಬೇಕು ಅಂತ ಕೇಳಿದ್ದರೆ ಅದು ಬೇರೆ ಮಾತು. ಹಾಗೆ ಕೇಳಿರಲಿಲ್ಲ. ಯಾವುದಾದರೂ ಆಗುತ್ತೆ, ಗೊತ್ತಿರೋದಾಗಿದ್ದರೆ ಸಾಕು. ಊಟದ ಹೊತ್ತಿಗೆ ಅಸೋಸಿಯೇಷನ್ನಿನ ಹಿರಿಯರೊಬ್ಬರು ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದರು. ತುಂಬಾ ಒಳ್ಳೆಯವರು, ಮುಖದಲ್ಲೇ ಗೊತ್ತಾಗುತ್ತಿತ್ತು. “ಮಧ್ಯೆ ಒಂದು ಹಾಡಿದ್ರಲ್ಲ, ಮೊಳೆ ಅಂತ, ಅದು ಯಾವ ಪಿಕ್ಚರ್‌ದು?” ಅಂದರು.

“ನಂದೇ ಸಾರ್.”

“ಓ, ಹೌದಾ? ಚೆನ್ನಾಗಿತ್ತು ಕಣ್ರಿ. ಯಾವ ಪಿಕ್ಚರ್‌ಗೆ ಮಾಡಿದ್ದು?”

ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಆದರೆ ಆ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಹಾಡು ಅಂದರೆ ಅದಕ್ಕೊಂದು ಪಿಕ್ಚರ್ ಇರಲೇಬೇಕು ಅಂತ ಆ ಹಿರಿಯರಿಗೆ ಯಾರು ಹೇಳಿಕೊಟ್ಟಿದ್ದು? ಅವರ ವಯಸ್ಸು ನೋಡಿದರೆ ಭಾವಗೀತೆ ಕೇಳಿಕೊಂಡು ಬೆಳೆದವರೇ.

ರಚನೆ, ರಾಗ ಸಂಯೋಜನೆ, ಗಾಯನ

ಆಕಾಶವಾಣಿ ಕೇಳಿದವರಿಗೆ ಈ ಮೂರು ಪದ ಚೆನ್ನಾಗಿ ನೆನಪಿರುತ್ತದೆ. ಭಾವಗೀತೆ ಹಾಕುವ ಮೊದಲು ಬರೆದವರು ಯಾರು, ರಾಗ ಹಾಕಿದವರು ಯಾರು, ಹಾಡಿದವರು ಯಾರು ಅಂತ ಉದ್ಘೋಷಕರು ನಿಧಾನವಾಗಿ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಕವನ ಸಂಕಲನ ಕೊಂಡು ಓದಿದವರಲ್ಲ. ಆದರೂ ಕವಿಗಳ ಹೆಸರು ಅಮ್ಮನ ಬಾಯಲ್ಲಿತ್ತು. ಅಡುಗೆಮನೆಯ ಶೆಲ್ಫಿನ ಮೇಲಿದ್ದ ರೇಡಿಯೋ ದಿನಾ ಹೇಳಿ ಹೇಳಿ ಕಲಿಸಿದ್ದದು.

ನನ್ನ ಚಿಕ್ಕಪ್ಪ, ಅಂದರೆ ಈ ಹಾಡುಗಾರನ ಅಪ್ಪ, ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿನ ಕನ್ನಡ ಸಂಘಕ್ಕೆ ವರ್ಷಕ್ಕೊಂದು ದೊಡ್ಡ ಕಾರ್ಯಕ್ರಮ. ನಾವೆಲ್ಲ ಕ್ವಾರ್ಟರ್ಸ್ ಮೈದಾನದಲ್ಲಿ ಜಮಖಾನೆ ಹಾಸಿಕೊಂಡು ಕೂರುತ್ತಿದ್ದೆವು. ಸ್ಟೇಜಿಗೆ ಎರಡು ಟ್ಯೂಬ್‌ಲೈಟ್, ಹಿಂದೆ ಭುವನೇಶ್ವರಿಯ ಬಟ್ಟೆ ಚಿತ್ರ. ತಬಲಾದವರು ಪೇಂಟ್ ಶಾಪಿನವರು, ಹಾರ್ಮೋನಿಯಂ ಅಕೌಂಟ್ಸ್ ಸೆಕ್ಷನ್ನಿನವರದು. ಚಿಕ್ಕಪ್ಪ ಇಸ್ತ್ರಿ ಮಾಡಿದ ಬಿಳಿ ಷರ್ಟ್ ಹಾಕಿಕೊಂಡು ಮೈಕ್ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ರೇಡಿಯೋದವರ ಹಾಗೇ ಹೇಳುತ್ತಿದ್ದರು. ರಚನೆ ಇಂಥವರದು, ರಾಗ ಸಂಯೋಜನೆ ಇಂಥವರದು. ಆಮೇಲೆ ಒಂದು ಕ್ಷಣ ತಡೆದು, ‘ಹಾಡುವ ಪ್ರಯತ್ನ ನನ್ನದು’. ಹೀಗೆ ಹೇಳದೆ ಅವರು ಯಾವತ್ತೂ ಹಾಡು ಶುರು ಮಾಡಿದವರಲ್ಲ. ಬಚ್ಚಲುಮನೆಯಲ್ಲಿ ಹಾಡುವಾಗಲೂ ಹೇಳಿಕೊಳ್ಳುತ್ತಾರೆ ಅಂತ ಚಿಕ್ಕಮ್ಮ ರೇಗಿಸುತ್ತಿದ್ದರು. ಅವರ ಬೆರಳಿನ ಸಂದಿಯಲ್ಲಿ ಗ್ರೀಸ್ ಕಪ್ಪು ಉಳಿದೇ ಇರುತ್ತಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ತಾಳ ಹಾಕುವಾಗ ಅದೇ ನನ್ನ ಕಣ್ಣಿಗೆ ಬೀಳುತ್ತಿತ್ತು.

ಈಗ ಯೋಚನೆ ಮಾಡಿದರೆ ಆ ಮೂರು ಹೆಸರಿನ ಹಿಂದೆ ಮೂರು ಸಂಬಳ ಇತ್ತು ಅನಿಸುತ್ತದೆ. ಸಿ. ಅಶ್ವಥ್ ಐಟಿಐ ನೌಕರರು. ದೂರವಾಣಿನಗರದ ಆ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿಯುತ್ತಲೇ ಅವರು ರಂಗಭೂಮಿಗೆ, ಸಿನಿಮಾಗೆ, ಭಾವಗೀತೆಗೆ ಸಂಗೀತ ಕೊಟ್ಟರು. ಶಿವಮೊಗ್ಗ ಸುಬ್ಬಣ್ಣ ವಕೀಲರು. ನಿಸಾರ್ ಅಹಮದ್ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದವರು. ಜಿ.ಎಸ್. ಶಿವರುದ್ರಪ್ಪ ವಿಶ್ವವಿದ್ಯಾಲಯದ ಪ್ರೊಫೆಸರು. ಎಚ್.ಎಸ್. ವೆಂಕಟೇಶಮೂರ್ತಿ ಕಾಮರ್ಸ್ ಕಾಲೇಜಿನ ಮೇಷ್ಟ್ರು. ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ನೌಕರರು. ಕವಿಗೆ ಕವನ ಅನ್ನ ಕೊಡಬೇಕಾಗಿರಲಿಲ್ಲ. ಹಾಡೊಂದು ಓಡದಿದ್ದರೆ ರಾಗ ಹಾಕಿದವರ ಮನೆ ಬಾಡಿಗೆ ನಿಲ್ಲುತ್ತಿರಲಿಲ್ಲ. ಮೈಸೂರು ಅನಂತಸ್ವಾಮಿ ರಾಗ ಹಾಕಿದ ನಿಸಾರ್ ಅಹಮದರ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ ಆಗಿ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅಂತ ಅದನ್ನು ಕರೆಯುತ್ತಾರೆ. ಆಮೇಲೆ ಮನೆಮನೆಗೆ ಟೇಪ್ ರೆಕಾರ್ಡರ್ ಬಂತು, ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಅದೇ ಮೂರು ಹೆಸರು. 2005ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ಅಶ್ವಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಮಾಡಿದಾಗ ಲಕ್ಷ ಜನ ಸೇರಿದ್ದರು ಎನ್ನುತ್ತಾರೆ. ಅಷ್ಟು ಜನ ಕೇಳಿದ್ದು ಸಿನಿಮಾ ನೋಡಿ ಕಲಿತ ಹಾಡುಗಳನ್ನಲ್ಲ, ಪುಸ್ತಕದಲ್ಲಿದ್ದ ಕವನಗಳನ್ನು.

ಹಾಗಂತ ಅದು ಸುವರ್ಣಯುಗ, ಈಗಿನವರಿಗೆ ಸಾಹಿತ್ಯವೇ ಗೊತ್ತಿಲ್ಲ ಅನ್ನುವವರ ಸಾಲಿಗೆ ನಾನು ಸೇರುವವಳಲ್ಲ. ಆ ಮಾತು ನನಗೆ ಬೇಜಾರು. ಆಗಲೂ ಎಷ್ಟೋ ಕ್ಯಾಸೆಟ್ಟು ಯಾರೂ ಕೇಳದೆ ಧೂಳು ತಿಂದಿವೆ. ನಾನು ಹೇಳುತ್ತಿರುವುದು ಲೆಕ್ಕದ ಮಾತು. ಮೂವರು, ಮೂರು ಕೆಲಸ, ಮೂರು ಸಂಜೆ ಸೇರಿ ಒಂದು ಹಾಡಾಗುತ್ತಿತ್ತು. ನನ್ನ ತಮ್ಮ ಅದೇ ಹಾಡನ್ನು ಒಬ್ಬನೇ, ಒಂದೇ ಸಂಬಳದಲ್ಲಿ, ಸಂಜೆ ಆರೂವರೆಗೆ ಲಾಗೌಟ್ ಆದ ಮೇಲೆ ಮಾಡಬೇಕು. ಅವನ ಹಾಡು ಸುಮಾರಾಗಿದ್ದರೆ ನಾವು ಪ್ರತಿಭೆ ಸಾಲದು ಅಂದುಬಿಡುತ್ತೇವೆ. ಸಂಜೆ ಸಾಲದು ಅಂತ ಯಾರೂ ಹೇಳುವುದಿಲ್ಲ.

ಸಿನಿಮಾದಲ್ಲಿ ಈ ಮೂರರಲ್ಲಿ ಎರಡನ್ನು ಒಬ್ಬರೇ ಹೊತ್ತು ಗೆದ್ದವರು ಇದ್ದಾರೆ. ಹಂಸಲೇಖ 1987ರ ‘ಪ್ರೇಮಲೋಕ’ಕ್ಕೆ ಸಾಹಿತ್ಯವನ್ನೂ ಬರೆದರು, ಸಂಗೀತವನ್ನೂ ಕೊಟ್ಟರು. ಪದ ಎಲ್ಲಿ ಉಸಿರು ತೆಗೆದುಕೊಳ್ಳುತ್ತೆ ಅಂತ ರಾಗಕ್ಕೆ ಮೊದಲೇ ಗೊತ್ತಿರುತ್ತದೆ, ಅದು ಅವರ ಹಾಡುಗಳಲ್ಲಿ ಈಗಲೂ ಕೇಳಿಸುತ್ತದೆ. ಆದರೆ ಅಲ್ಲಿ ಹಾಡುವುದಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಇದ್ದರು, ತೆರೆಯ ಮೇಲೆ ಕುಣಿಯುವುದಕ್ಕೆ ರವಿಚಂದ್ರನ್ ಇದ್ದರು. ಹಾಡಿಗೆ ಮುಖ ಕೊಡುವ ಕೆಲಸ ಬೇರೆಯವರದು.

ಕೊನೆಯ ಸಾಲಿನಲ್ಲಿ ಹೆಸರು

ತಾನೇ ಕಟ್ಟಿ ತಾನೇ ಹಾಡುವುದು ನಮಗೆ ಹೊಸದೇನಲ್ಲ. ಗಿಟಾರ್ ಹೊಸದು ಅಷ್ಟೇ. ದಾಸರು ಮಾಡಿದ್ದು ಅದನ್ನೇ, ತತ್ವಪದದವರು ಮಾಡಿದ್ದೂ ಅದನ್ನೇ. ನನಗೆ ತುಂಬಾ ಹತ್ತಿರದವರು ಶಿಶುನಾಳ ಶರೀಫರು. 1819ರಲ್ಲಿ ಹುಟ್ಟಿ 1889ರಲ್ಲಿ ಹೋದವರು. ಅವರೂ ಸ್ವಲ್ಪ ಕಾಲ ಮೇಷ್ಟ್ರಾಗಿದ್ದರು, ಆಮೇಲೆ ಕೆಲಸ ಬಿಟ್ಟರು. ಸಂಬಳ ಬಿಟ್ಟು ಹಾಡು ಹಿಡಿದವರಿಗೆ ಆಗುವುದೇ ಅವರಿಗೂ ಆಯಿತು, ಬಡತನ ಬೆನ್ನು ಬಿಡಲಿಲ್ಲ. ಸೋರುವ ಮಾಳಿಗೆ, ಗುಡುಗುಡಿ, ತಂಬೂರಿ, ಕೋಳಿ, ಕೋಡಗ, ಕಣ್ಣಿಗೆ ಕಂಡದ್ದೆಲ್ಲ ಅವರಿಗೆ ಪದವಾಯಿತು. ಹುಬ್ಬಳ್ಳಿಗೆ ಬಟ್ಟೆ ಗಿರಣಿ ಬಂದರೆ ಅದನ್ನೂ ಬಿಡಲಿಲ್ಲ, ಗಿರಣಿಯ ಮೇಲೂ ಒಂದು ಪದ ಕಟ್ಟಿದರು. ಆ ಕಾಲಕ್ಕೆ ಗಿರಣಿ ಅಂದರೆ ನಮಗೆ ಹಳದಿ ಮಾರ್ಗದ ಮೆಟ್ರೋ ಇದ್ದ ಹಾಗೆ ಹೊಸದು, ಎಲ್ಲರೂ ನೋಡಲು ಹೋಗುವಂಥದ್ದು.

ಶರೀಫರ ಹಾಡು ನೂರು ವರ್ಷ ದಾಟಿ ಹೇಗೆ ಉಳಿಯಿತು ಅನ್ನುವುದಕ್ಕೆ ಜನ ಅದರ ತತ್ವ ಕಾರಣ ಅನ್ನುತ್ತಾರೆ. ಇರಬಹುದು. ನನಗೆ ಕಾಣುವುದು ಅದಕ್ಕಿಂತ ಸಾದಾ ವಿಷಯ. ಕೊನೆಯ ಸಾಲಿನಲ್ಲಿ ‘ಶಿಶುನಾಳಧೀಶ’ ಇದೆ. ಅಂಕಿತವನ್ನು ನಾವು ಭಕ್ತಿಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತೇವೆ. ಆದರೆ ಬರವಣಿಗೆ ಇಲ್ಲದ ಕಡೆ, ಮುದ್ರಣ ಇಲ್ಲದ ಕಡೆ, ಹಾಡಿನ ಜೊತೆ ಅದರ ಒಡೆಯನ ಗುರುತೂ ಊರೂರು ದಾಟಿ ಹೋಗಬೇಕಲ್ಲ? ಅದಕ್ಕೆ ಗುರುತನ್ನು ಹಾಡಿನ ಒಳಗೇ ಹೆಣೆದುಬಿಟ್ಟರು. ಕಿತ್ತರೆ ಪ್ರಾಸ ಕೆಡುತ್ತದೆ, ತಾಳ ತಪ್ಪುತ್ತದೆ. ಯಾರೇ ಹಾಡಲಿ, ಎಲ್ಲೇ ಹಾಡಲಿ, ಕೊನೆಯಲ್ಲಿ ಆ ಗುರುತು ಹೇಳಿಯೇ ಇಳಿಯಬೇಕು. ಅದೂ ತನ್ನ ಹೆಸರಲ್ಲ, ತನ್ನ ದೇವರ ಹೆಸರು. ಪುರಂದರ ವಿಠಲ ಅಂದರೆ ದೇವರು, ನಮಗೆ ನೆನಪಾಗುವುದು ದಾಸರು. ಬೇರೆ ಯಾರೋ ಕಟ್ಟಿದ ಪದಕ್ಕೆ ಪುರಂದರ ವಿಠಲ ಅಂತ ಸೇರಿಸಿದ್ದೂ ಉಂಟು. ಈಗಿನವರು ಹಾಡು ಕದಿಯುತ್ತಾರೆ. ಆಗಿನವರು ತಾವು ಕಟ್ಟಿದ್ದನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಟ್ಟು ಹೋಗುತ್ತಿದ್ದರು!

ಇನ್ನೊಂದು ವಿಷಯವೂ ಇದೆ. ಶರೀಫರು ಬೆಂಗಳೂರಿನ ಮನೆಗಳಿಗೆ ಬಂದದ್ದು ಅಶ್ವಥ್ ಗಂಟಲಿನಲ್ಲಿ. 1990ರಲ್ಲಿ ನಾಗಾಭರಣ ಅವರ ಸಿನಿಮಾ ಬಂದ ಮೇಲಂತೂ ಹೇಳಬೇಕಾಗಿಯೇ ಇಲ್ಲ. ಆಮೇಲೆ 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು. ಅದರಲ್ಲಿ ಅವರದೇ ಹಾಡುಗಳ ಪಕ್ಕದಲ್ಲಿ ಶರೀಫರೂ ಇದ್ದರು, ಈ ಸಲ ಗಿಟಾರ್ ಜೊತೆ. ಕಾಲೇಜು ಹುಡುಗರು ಗುಡುಗುಡಿ ಕಂಡವರಲ್ಲ, ಆದರೂ ಕೂಗಿ ಹಾಡಿದರು. ಅಂದರೆ ಶರೀಫರ ಹಾಡು ಶರೀಫರ ಗಂಟಲಲ್ಲಿ ನಿಂತಿದ್ದರೆ ಅವರ ಜೊತೆಗೇ ಹೋಗುತ್ತಿತ್ತು. ಭಜನೆಯವರು, ಹೊಲಕ್ಕೆ ಹೋಗುವವರು, ಭಿಕ್ಷೆಗೆ ಬರುವವರು, ಆಮೇಲೆ ಐಟಿಐ ನೌಕರರೊಬ್ಬರು, ಹೀಗೆ ಬೇರೆಯವರು ಎತ್ತಿಕೊಂಡಿದ್ದರಿಂದ ಉಳಿಯಿತು. ಗೊತ್ತಿರುವ ಹಾಡು ಆಗುವುದು ಹೀಗೇ ಅಲ್ವಾ?

ಫ್ರಿಜ್ ಆಫ್ ಮಾಡಿ ರೆಕಾರ್ಡಿಂಗ್

ಬನಶಂಕರಿಯಲ್ಲಿ ತಮ್ಮನ ಬಾಡಿಗೆ ಮನೆ. ಒಂದು ಬೆಡ್‌ರೂಮ್. ಅಲ್ಲೇ ಸ್ಟುಡಿಯೋ. ಕಿಟಕಿಗೆ ಹಾಸಿಗೆ ಆನಿಸಿ ನಿಲ್ಲಿಸುತ್ತಾನೆ, ಬಾಗಿಲ ಸಂದಿಗೆ ಟವೆಲ್ ಸುತ್ತಿಡುತ್ತಾನೆ. ಕೊನೆಗೆ ಅಡುಗೆಮನೆಗೆ ಹೋಗಿ ಫ್ರಿಜ್ ಆಫ್ ಮಾಡುತ್ತಾನೆ, ಅದರ ಗುಂಯ್ ಸದ್ದು ಮೈಕಿಗೆ ಸಿಗುತ್ತದಂತೆ. ಹಾಡು ಸರಿಯಾಗಿ ಬಂದ ರಾತ್ರಿ ಫ್ರಿಜ್ ಆನ್ ಮಾಡುವುದನ್ನು ಮರೆತು ಹಾಲು ಒಡೆಯುತ್ತದೆ. ಅವನ ಹೆಂಡತಿ ಈಗ ಹಾಲು ಒಡೆದಿದ್ದರೆ ಬಯ್ಯುವುದಿಲ್ಲ, “ಆಯ್ತಾ, ಕೇಳಿಸು” ಅನ್ನುತ್ತಾಳೆ. ಬೆಳಗಿನ ಜಾವ ಮುಗಿಸದಿದ್ದರೆ ಆಮೇಲೆ ಆಗುವುದಿಲ್ಲ. ಮೊದಲು ಮೇಲಿನ ಮನೆಯ ಕುಕ್ಕರ್ ವಿಷಲ್, ಆಮೇಲೆ ಹಾಡು ಹಾಕಿಕೊಂಡು ಕಸದ ಗಾಡಿ. ಈ ಕಸದ ಗಾಡಿಯ ಹಾಡು ಇಡೀ ಬೀದಿಗೆ ಬಾಯಿಪಾಠ. ಅದು ಯಾವ ಪಿಕ್ಚರ್‌ದು ಅಂತ ಮಾತ್ರ ಯಾರೂ ಕೇಳಿದ್ದಿಲ್ಲ.

ಅವನು ಹಾಡು ಕಟ್ಟುವುದನ್ನು ಒಂದು ಭಾನುವಾರ ಪಕ್ಕದಲ್ಲೇ ಕೂತು ನೋಡಿದ್ದೇನೆ. ಮೊದಲು ಪದ ಇರುವುದೇ ಇಲ್ಲ. ‘ತನ್ನ ನಾನ ನಾನನ’ ಅಂತ ಗುನುಗುತ್ತಾನೆ. ಗಿಟಾರಿನಲ್ಲಿ ಎರಡು ಕಾರ್ಡ್ ಹಿಡಿದು ಸುಮ್ನೆ ಬಾರಿಸುತ್ತಾ ಇರುತ್ತಾನೆ. ನಡುವೆ ಫೋನ್ ನೋಡುತ್ತಾನೆ, ಟೀ ಕುಡಿಯುತ್ತಾನೆ. ನನಗೆ ನಿದ್ದೆ ಬರುವ ಹಾಗಾಗಿತ್ತು. ಆಗ ಇದ್ದಕ್ಕಿದ್ದ ಹಾಗೆ ‘ಹೊಡೆಯಂಗಿಲ್ಲ’ ಅನ್ನುವ ಒಂದು ಪದ ರಾಗದ ಮೇಲೆ ಕೂತಿತು. ‘ಹೊಡೆಯುವ ಹಾಗಿಲ್ಲ’ ಅಂತ ಹಾಡಿ ನೋಡಿದ, ಎಳೆದಂತಾಯಿತು. ‘ಹೊಡೀಬೇಡಿ’ ಅಂದ, ಓನರ್ ತೀರಾ ಮರ್ಯಾದಸ್ಥರಾಗಿಬಿಟ್ಟರು. ಮತ್ತೆ ‘ಹೊಡೆಯಂಗಿಲ್ಲ’ಕ್ಕೇ ಬಂದ. ಆ ಒಂದು ಪದದಲ್ಲಿ ನಮ್ಮೂರಿನ ಎಲ್ಲ ಓನರ್‌ಗಳೂ ಲುಂಗಿ ಉಟ್ಟು ಬಾಗಿಲಲ್ಲಿ ನಿಂತಂತೆ ಕೇಳಿಸಿತು. ಉಳಿದ ಪದಗಳು ಬರಲು ಎಷ್ಟೋ ವಾರ ಹಿಡಿಯಿತು. ಎಲ್ಲ ಬಂದದ್ದು ಮೆಟ್ರೋದಲ್ಲಿ. ಆರ್.ವಿ. ರೋಡಿಂದ ಎಲೆಕ್ಟ್ರಾನಿಕ್ ಸಿಟಿಗೆ ರೈಲು ಬಂದ ಮೇಲೆ ತನ್ನ ಸಾಹಿತ್ಯ ಸುಧಾರಿಸಿದೆ ಅನ್ನುತ್ತಾನೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸೊಳಗೆ ನಿಂತು ಬರೆದ ಹಾಡುಗಳಲ್ಲಿ ಬರೀ ಸಿಟ್ಟೇ ಇತ್ತಂತೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ, ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಮಿಕ್ಸಿಂಗ್ ಮಾಡುವವರಿಗೆ ಕೊಡಬೇಕು, ಮಾಸ್ಟರಿಂಗ್‌ಗೆ ಕೊಡಬೇಕು, ಆ್ಯಪ್‌ಗಳಿಗೆ ಹಾಡು ತಲುಪಿಸುವವರಿಗೆ ಕೊಡಬೇಕು. ಪಬ್ಬಿನಲ್ಲಿ ಹಾಡಿದರೆ ಸಿಗುತ್ತದೆ, ಆದರೆ ಅಲ್ಲಿ ಬೇಕಾಗಿರುವುದು ಇಂಗ್ಲಿಷ್, ಹಿಂದಿ ಕವರ್, ಅಂದರೆ ಬೇರೆಯವರ ಹಾಡು. “ಕನ್ನಡ ಒಂದೆರಡು ಓಕೆ, ಫೇಮಸ್ ಇರೋದು ಹಾಡಿ” ಅಂದಿದ್ದರು ಒಬ್ಬ ಮ್ಯಾನೇಜರ್. ಆ ದಾರಿಯೂ ನೆಟ್ಟಗಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಬೆಂಗಳೂರು ಪೊಲೀಸ್ ಕಮಿಷನರರ 2005ರ ಲೈಸೆನ್ಸ್ ಆದೇಶವನ್ನು ಎತ್ತಿಹಿಡಿದ ಮೇಲೆ, ಲೈಸೆನ್ಸ್ ಇಲ್ಲದ ಜಾಗಗಳಲ್ಲಿ ಪೊಲೀಸರು ಲೈವ್ ಮ್ಯೂಸಿಕ್ ನಿಲ್ಲಿಸಿದ್ದು ಬೆಂಗಳೂರಿನ ಹಾಡುಗಾರರಿಗೆಲ್ಲ ನೆನಪಿದೆ. ಆ ಆದೇಶ ಬಂದದ್ದು ಡ್ಯಾನ್ಸ್ ಬಾರ್, ಲೈವ್ ಬ್ಯಾಂಡ್‌ಗಳ ಗಲಾಟೆಗೆ. ಮೂಲೆಯಲ್ಲಿ ಗಿಟಾರ್ ಹಿಡಿದು ಕೂತವರಿಗೂ ಅದರ ಬಿಸಿ ತಟ್ಟಿತು.

ಕಾನೂನು ಮಾತ್ರ ಬರೆದವರ ಪರವಾಗಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಸಿನಿಮಾಗೆ ಬರೆದ ಹಾಡಾಗಿದ್ದರೂ, ಅದು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಸಾಹಿತ್ಯ ಬರೆದವರಿಗೂ ಸಂಗೀತ ಕೊಟ್ಟವರಿಗೂ ಸಮಪಾಲು ಉಂಟು, ಆ ಹಕ್ಕನ್ನು ಅವರು ನಿರ್ಮಾಪಕರಿಗೆ ಬರೆದುಕೊಟ್ಟರೂ ಊರ್ಜಿತವಲ್ಲ. ಆ ದುಡ್ಡು ವಸೂಲಿ ಮಾಡಿ ಹಂಚುವುದಕ್ಕೆ ಐಪಿಆರ್‌ಎಸ್ ಅನ್ನುವ ಸಂಸ್ಥೆ ಇದೆ, 1969ರಿಂದ. ಬರೆದವನ ಪಾಲು, ರಾಗ ಹಾಕಿದವನ ಪಾಲು, ಹಾಡಿದವನ ಪಾಲು ಮೂರೂ ನನ್ನ ತಮ್ಮ ಒಬ್ಬನಿಗೇ ಬರಬೇಕು. ಬಂದಿದೆ ಕೂಡ. ಮೂರೂ ಪಾಲು ಸೇರಿ ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಆಟೋದಲ್ಲಿ ಹೋಗಬಹುದಿತ್ತು. ಮೀಟರ್ ಹಾಕಿದರೆ.

ಅವನಿಗೆ ದುಡ್ಡಿಗಿಂತ ಬೇಜಾರು ಇನ್ನೊಂದಿದೆ. ಆ್ಯಪ್‌ನಲ್ಲಿ ಕನ್ನಡ ಹಾಡು ಹುಡುಕಿದರೆ ಮೊದಲು ಕಾಣುವುದು ಹೀರೋ ಮುಖ. ಬರೆದವರ ಹೆಸರು ಬೇಕಾದರೆ ಮೂರು ಚುಕ್ಕಿ ಒತ್ತಿ, ಕೆಳಗೆ ಜರುಗಿಸಿ, ಇನ್ನೊಂದು ಕಡೆ ಒತ್ತಬೇಕು. ಆಕಾಶವಾಣಿ ಕೇಳದಿದ್ದರೂ ಹೇಳುತ್ತಿದ್ದುದನ್ನು ಈಗ ಹುಡುಕಿಕೊಂಡು ಹೋಗಬೇಕು. ಅಸೋಸಿಯೇಷನ್ನಿನ ಆ ಹಿರಿಯರನ್ನು ಬಯ್ಯುವ ಹಾಗಿಲ್ಲ. ಅವರ ಕೈಯಲ್ಲಿರುವ ಫೋನು ಅವರಿಗೆ ಕಲಿಸುತ್ತಿರುವುದೇ ಪಿಕ್ಚರ್ ಹೆಸರನ್ನು.

ಅಂಕಿತ ಈಗ ಎಲ್ಲಿದೆ

ನಾನು ಒಂದು ದಿನ ಉತ್ಸಾಹದಲ್ಲಿ ಅವನಿಗೆ ಹೇಳಿದೆ. “ನೀನೂ ಒಂದು ಅಂಕಿತ ಇಟ್ಕೊಳೋ. ಕೊನೆ ಸಾಲಲ್ಲಿ ಹಾಕು. ಯಾರು ಹಾಡಿದ್ರೂ ನಿನ್ನ ಗುರುತು ಉಳಿಯುತ್ತೆ.”

“ಅಕ್ಕ, ಹಾಗೆ ಹಾಕೋರು ಇದಾರೆ. ಅವರನ್ನ ರ‍್ಯಾಪರ್ ಅಂತಾರೆ” ಅಂದ.

ನಾನು ಸುಮ್ಮನಾದೆ. ಯಾಕಂದರೆ ಮಾತು ನಿಜ. ಹಾಡು ಶುರುವಾಗುತ್ತಲೇ ತನ್ನ ಹೆಸರು ಕೂಗುವುದು, ನಡುವೆ ಊರಿನ ಹೆಸರು, ಏರಿಯಾ ಹೆಸರು ತರುವುದು ರ‍್ಯಾಪಿನ ಪದ್ಧತಿ. ರ‍್ಯಾಪರ್‌ಗಳಾದ ಆಲ್ ಓಕೆ, ಚಂದನ್ ಶೆಟ್ಟಿ ಅವರ ಹಾಡುಗಳನ್ನು ನನ್ನ ಮಗಳ ಕ್ಲಾಸಿನ ಮಕ್ಕಳು ಹೀರೋ ಮುಖ ನೋಡಿ ಕಲಿತದ್ದಲ್ಲ. ತಾನೇ ಬರೆದು ತಾನೇ ಹೇಳುವವರಿಗೆ ಇವತ್ತು ಕನ್ನಡದಲ್ಲಿ ನಿಜವಾದ ಕೇಳುಗರು ಇರುವುದು ಅಲ್ಲೇ. ಭಾವಗೀತೆಯವರು ಇದನ್ನು ಒಪ್ಪುವುದಿಲ್ಲ, ಗೊತ್ತು. ಎಲ್ಲವೂ ನನಗೆ ಇಷ್ಟ ಅಂತಲೂ ಅಲ್ಲ, ಕೆಲವನ್ನು ಮಗಳು ಹಾಕಿದಾಗ ನಾನು ಬಾಲ್ಕನಿಗೆ ಹೋಗುತ್ತೇನೆ. ಆದರೆ ದಾಸರು ದೇವರ ಹೆಸರಿನ ಹಿಂದೆ ನಿಂತರು, ಇವರು ತಮ್ಮ ಹೆಸರನ್ನೇ ಮುಂದೆ ಇಟ್ಟರು, ವ್ಯತ್ಯಾಸ ಅಷ್ಟೇ. ಕೆಲಸ ಒಂದೇ.

ಒಂದು ಕಡೆ ಮಾತ್ರ ರ‍್ಯಾಪ್ ಬೇರೆ. ಅದನ್ನು ಇನ್ನೊಬ್ಬರು ಹಾಡುವುದು ಕಷ್ಟ. ‘ನಾನು ಇಂಥವನು’ ಅಂತ ಶುರುವಾಗುವ ಪದವನ್ನು ಇನ್ನೊಬ್ಬರು ಎತ್ತಿಕೊಂಡರೆ ಅಣಕು ಹಾಡಾಗುತ್ತದೆ. ನನ್ನ ತಮ್ಮನ ಹಾಡುಗಳಿಗೂ ಇದೇ ತೊಂದರೆ ಇತ್ತು. ಮೊದಮೊದಲು ಬರೆದ ಹಾಡುಗಳಲ್ಲಿ ಅವನದೇ ಬ್ರೇಕಪ್, ಅವನದೇ ಟೀಮ್ ಲೀಡ್, ಅವನದೇ ನಿದ್ದೆ ಇಲ್ಲದ ರಾತ್ರಿ. ಚೆನ್ನಾಗಿದ್ದವು, ಆದರೆ ಅವನು ಮಾತ್ರ ಹಾಡಬಹುದಾಗಿತ್ತು. ‘ಮೊಳೆ’ ಬಂದಾಗ ನನಗೆ ಖುಷಿಯಾಗಿದ್ದು ಅದಕ್ಕೇ. ಬಾಡಿಗೆ ಮನೆ ಎಲ್ಲರಿಗೂ ಗೊತ್ತು, ಗೋಡೆ ಎಲ್ಲರಿಗೂ ಗೊತ್ತು.

ಯಾರ ಫೋಟೋ

ತುಮಕೂರಿನ ಒಂದು ಕಾಲೇಜು ಹುಡುಗಿ ಅವನಿಗೆ ಮೆಸೇಜ್ ಮಾಡಿದ್ದಳು. ಅಂತರ ಕಾಲೇಜು ಭಾವಗೀತೆ ಸ್ಪರ್ಧೆಯಲ್ಲಿ ‘ಮೊಳೆ’ ಹಾಡುತ್ತೇನೆ, ಪರ್ಮಿಷನ್ ಬೇಕು ಸರ್, ಕಾರ್ಡ್ಸ್ ಕಳಿಸ್ತೀರಾ ಅಂತ. ಅವನು ನೆಲದ ಮೇಲೆ ಇರಲಿಲ್ಲ. ಸ್ಪರ್ಧೆಯ ಫಾರಂನಲ್ಲಿ ಕವಿ ಅಂತ ಒಂದು ಕಾಲಂ, ರಾಗ ಸಂಯೋಜನೆ ಅಂತ ಇನ್ನೊಂದು ಕಾಲಂ ಇತ್ತಂ‌ತೆ. ಎರಡಕ್ಕೂ ಏನು ಬರೆಯಲಿ ಅಂತ ಅವಳು ಕೇಳಿದಳು. ಅವನು ನನಗೆ ಫೋನ್ ಮಾಡಿದ. “ಅಕ್ಕ, ಎರಡು ಕಡೆನೂ ನನ್ನ ಹೆಸರೇ ಬರೆದ್ರೆ ಜಡ್ಜುಗಳು ಅವಳಿಗೆ ಮಾರ್ಕ್ಸ್ ಕಟ್ ಮಾಡಿಬಿಟ್ರೆ? ನನ್ನ ಕವಿ ಅಂತ ಯಾರು ಒಪ್ತಾರೆ?” ನಾನು ಬರೆಯೋಕೆ ಹೇಳು ಅಂದೆ. ಬರೆದಳು. ಅವಳಿಗೆ ಸಮಾಧಾನಕರ ಬಹುಮಾನ ಬಂತು. ಗೆಳತಿಯೊಬ್ಬಳು ತೆಗೆದ ವಿಡಿಯೋ ಕಳಿಸಿದ್ದಳು. ಗಿಟಾರ್ ಇಲ್ಲ, ಬರೀ ಹಾರ್ಮೋನಿಯಂ, ತಬಲಾ. ಅವನಿಗಿಂತ ನಿಧಾನವಾಗಿ ಹಾಡಿದ್ದಳು. ಶುರುವಲ್ಲಿ ಹೆಸರು ಹೇಳಿದಳು, ರಚನೆ ಮತ್ತು ರಾಗ ಸಂಯೋಜನೆ ಅಂತ. ಮೈಕ್ ಮುಂದೆ ಹಾಗೆ ಅವನ ಹೆಸರನ್ನು ಬೇರೆಯವರು ಹೇಳಿದ್ದು ಅದೇ ಮೊದಲು. ಚಿಕ್ಕಪ್ಪ ಇದ್ದಿದ್ದರೆ ಆ ಭಾಗವನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳುತ್ತಿದ್ದರು.

ಆದರೆ ತಮ್ಮನ ಮುಖ ಗಂಟು. ಯಾಕಂದರೆ ಅವಳು ಒಂದು ಪದ ಬದಲಾಯಿಸಿದ್ದಳು. ‘ಅಪ್ಪನ ಫೋಟೋ ಎಲ್ಲಿ ಹಾಕಲಿ’ ಅನ್ನುವ ಕಡೆ ‘ತಾತನ ಫೋಟೋ’ ಅಂತ ಹಾಡಿದ್ದಳು. ಕೇಳಿದ್ದಕ್ಕೆ, “ಸರ್, ನಮ್ಮಪ್ಪ ಮುಂದಿನ ಸಾಲಲ್ಲೇ ಕೂತಿದ್ರು. ಅವರ ಮುಂದೆ ಅಪ್ಪನ ಫೋಟೋ ಗೋಡೆಗೆ ಅಂತ ಹೇಗೆ ಹಾಡ್ಲಿ?” ಅಂತ ಉತ್ತರ ಬಂತು. ನಮ್ಮ ಕಡೆ ಗೋಡೆಗೆ ಯಾರ ಫೋಟೋ ಹಾಕುತ್ತಾರೆ ಅಂತ ಗೊತ್ತಿದ್ದವರು ಇದಕ್ಕೆ ಏನು ತಾನೇ ಹೇಳಲು ಸಾಧ್ಯ. ಅವನು ಅವಳಿಗೆ ಏನೂ ಹೇಳಲಿಲ್ಲ, ‘ಚೆನ್ನಾಗಿದೆಯಮ್ಮ’ ಅಂತ ಬರೆದ. ಜಗಳವೆಲ್ಲ ನನ್ನ ಹತ್ತಿರ.

“ಅದು ನಮ್ಮಪ್ಪ ಅಕ್ಕ. ಯಾರೋ ತಾತ ಅಲ್ಲ.”

“ಶರೀಫರ ಪದಗಳನ್ನ ಊರಿಗೊಂದು ಥರ ಹಾಡಲ್ವೇನೋ? ಅವರೇನು ಕೇಳ್ತಾರಾ?”

“ಅವರು ಕೇಳಿಸ್ಕೊಳ್ಳೋಕೆ ಇಲ್ವಲ್ಲ. ನಾನಿದೀನಲ್ಲ!”

ಅವನ ಮಾತಿನಲ್ಲೂ ನ್ಯಾಯ ಇದೆ. ಹಾಡು ಊರೆಲ್ಲ ಓಡಾಡಲಿ ಅಂತ ಬಯಸುವುದು ಬೇರೆ, ಅದು ಬೇರೆಯವರ ಮನೆಯ ಬಟ್ಟೆ ಉಟ್ಟು ಎದುರಿಗೆ ಬಂದಾಗ ಗುರುತು ಹಿಡಿದು ಮಾತಾಡಿಸುವುದು ಬೇರೆ. ಆ ಹಳೆಯ ಏರ್ಪಾಡಿನಲ್ಲಿ ಕವಿ, ರಾಗ ಹಾಕಿದವರು, ಹಾಡಿದವರು ಮೂವರೂ ಬೇರೆ ಬೇರೆ ಇದ್ದುದರಿಂದ ಈ ಸಂಕಟ ಸ್ವಲ್ಪ ಹಂಚಿಹೋಗುತ್ತಿತ್ತೋ ಏನೋ. ಇವನಿಗೆ ಮೂವರ ಪಾಲಿನದೂ ಒಬ್ಬನಿಗೇ. ಹೋದ ವಾರ ಮನೆಗೆ ಬಂದವನು ಆ ವಿಡಿಯೋ ಮತ್ತೆ ಹಾಕಿದ. ‘ತಾತನ’ ಅನ್ನುವ ಕಡೆ ರಾಗ ಚೆನ್ನಾಗಿ ಕೂರುತ್ತದೆ, ದೀರ್ಘ ಸಿಕ್ಕಿದೆ, ‘ಅಪ್ಪನ’ ಒತ್ತಕ್ಷರದಲ್ಲಿ ತಡವರಿಸುತ್ತದೆ ಅಂತ ನನ್ನ ವಾದ. ಇರಲಿ, ಅಲ್ಲಿ ತಡವರಿಸಲೇಬೇಕು ಅಂತ ಅವನದು. ಅವನ ಹೆಂಡತಿ ಕಾಫಿ ತಂದಿಟ್ಟು, ಮೊದಲು ಓನರ್ ಹತ್ರ ಮಾತಾಡಿ ಒಂದೇ ಒಂದು ಮೊಳೆಗೆ ಪರ್ಮಿಷನ್ ತಗೊಂಡು ಬಾ, ಮಾವನ ಫೋಟೋ ಇನ್ನೂ ಬೀರು ಮೇಲೇ ಇದೆ ಅಂದಳು.